ಈಶ್ವರನಿಗೆ ಕ್ಯಾನ್ ನೀರು

ಒಳ್ಳೆ ಕೆಲಸಕ್ಕೆ ಕೈಹಾಕಿದವರ ಹಿಂದೆಯೇ ನಗೆಪಾಟಲೂ ಬರುತ್ತದೆ. ನಮ್ಮ ಶ್ರೀಗಂಧದ ಕಾವಲಿನ ಈಶ್ವರನ ಗುಡಿ ಬಾವಿಯ ವಿಷಯದಲ್ಲೂ ಹಾಗೇ ಆಯಿತು. ಹಿಂದಿನ ಬೀದಿಯಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದ ಶೆಡ್ಡು ಮುಚ್ಚಿತು. ಬಣ್ಣ ಮಾತ್ರ ಬಾವಿಯಲ್ಲೇ ಉಳಿಯಿತು. ಕೆಂಪು ನೀರು. ಅಭಿಷೇಕಕ್ಕೆ ಅಂಗಡಿಯ ಕ್ಯಾನ್ ನೀರೇ ಗತಿ. ಶಿವರಾತ್ರಿಗೆ ಈಶ್ವರನಿಗೆ ಅವನ ಬಾವಿ ನೀರೇ ಆಗಬೇಕು ಎಂದು ನಾನು ಸಂಕಲ್ಪ ಮಾಡಿಬಿಟ್ಟೆ.

ಸಾಸಿವೆ

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ನೀರು ಶುದ್ಧಿಯ ಸಂಶೋಧನೆ ಮಾಡುವವಳು. ಒಂದು ಡಬ್ಬಿ ಕಪ್ಪು ಕಾಳು ತಂದು ತೋರಿಸಿದಳು.

"ಪಾಲಿಮರ್ ನ್ಯಾನೊಕಾಂಪೊಸಿಟ್ ಅಂಕಲ್. ಅಂಟಿನೊಳಗೆ ಕಣ್ಣಿಗೇ ಕಾಣದಷ್ಟು ಸಣ್ಣ ಕಬ್ಬಿಣದ ಕಣ ಇರುತ್ತೆ. ನೀರಲ್ಲಿರೋ ಬಣ್ಣಾನ ಹಿಡ್ಕೊಂಡ್ಬಿಡುತ್ತೆ."

ನನ್ನವಳು ನಾಲ್ಕು ಕಾಳು ಅಂಗೈಯಲ್ಲಿಟ್ಟು ನೋಡಿದಳು. "ಕಾಣಲ್ಲ ಅಂತೀಯ, ನಮ್ಮನೆ ಸಾಸಿವೆಗಿಂತ ದಪ್ಪ ಇದೆಯಲ್ಲೇ!"

ಮಡಿ

ಅರ್ಚಕರು ಕೇಳಿದ್ದು ಒಂದೇ ಮಾತು. "ಯಾವುದರಿಂದ ಮಾಡಿದ್ದಮ್ಮ ಈ ಅಂಟು?"

"ಸೀಗಡಿ ಚಿಪ್ಪಿಂದ ಸಾರ್."

ಅರ್ಚಕರು ಗರ್ಭಗುಡಿ ಬಾಗಿಲು ಹಾಕಿಕೊಂಡರು. "ಬೇರೆ ಮಾಡಿಸ್ತೀನಿ ಸ್ವಾಮಿ, ಆಚೆ ಬನ್ನಿ," ಎಂದು ನಾನು ಹೊರಗಿಂದಲೇ ಕೂಗಿದೆ. ಹುಡುಗಿಯೂ ಹಠಗಾತಿ. ವಾರಗಟ್ಟಲೆ ಒದ್ದಾಡಿ, ಗೋರಿಕಾಯಿ ಬೀಜದ ಅಂಟಿನಲ್ಲಿ ಹೊಸ ಕಾಳು ಮಾಡಿದಳು. ನೀರು ಪರೀಕ್ಷೆಯಲ್ಲೂ ಪಾಸಾಯಿತು.

ಅರ್ಚಕರು ಮೂಸಿ ನೋಡಿದರು. "ಗೋರಿಕಾಯಿ ಸರಿ. ಈರುಳ್ಳಿ ಬೆಳ್ಳುಳ್ಳಿ ಹಾಕಿಲ್ಲ ತಾನೆ?"

ತೀರ್ಥ

ಶಿವರಾತ್ರಿ ಬೆಳಗ್ಗೆ ಕಾಳು ತುಂಬಿದ ಡ್ರಮ್ಮಿನ ಮೇಲೆ ಬಾವಿ ನೀರು ಸುರಿದು, ಕೆಳಗಿನ ನಲ್ಲಿಯಲ್ಲಿ ಹಿಡಿದು ಅಭಿಷೇಕ ಮಾಡಿಸಿದೆವು. ನನ್ನ ಕಣ್ಣು ತುಂಬಿತ್ತು. ಗುಡಿ ಮುಂದೆ ಹೂ ಮಾರುವ ಅಜ್ಜಿ, ಬಾವಿ ನೀರೇ ಬೇಕು ಎಂದು ಎಲ್ಲರಿಗಿಂತ ಹೆಚ್ಚು ಜಗಳವಾಡಿದವಳು, ತೀರ್ಥ ಕುಡಿದು ಮುಖ ಸಿಂಡರಿಸಿದಳು.

"ಬಣ್ಣ ಇಲ್ಲ, ವಾಸನೆ ಇಲ್ಲ. ಅದೇ ಕ್ಯಾನ್ ನೀರು! ದೇವರ ಮುಂದೆ ಸುಳ್ಳು ಹೇಳ್ತೀರಾ ಯಜಮಾನ್ರೇ?"

ಸಾಲಿನಲ್ಲಿದ್ದವರೆಲ್ಲ ಗುಸುಗುಸು ಶುರುಮಾಡಿದರು. ನನ್ನ ಸಂಕಲ್ಪ ಅಲ್ಲೇ ಮಣ್ಣಾಗುವುದರಲ್ಲಿತ್ತು. ನಾನು ಬಾವಿ ಹಗ್ಗವನ್ನು ಅವಳ ಕೈಗೇ ಕೊಟ್ಟೆ.

ಅಜ್ಜಿ ತಾನೇ ಸೇದಿದಳು. ಕೊಡದ ತುಂಬ ಕೆಂಪು. ತಾನೇ ಡ್ರಮ್ಮಿಗೆ ಸುರಿದಳು. ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಾದಳು. ನಿಧಾನವಾಗಿ ಇಳಿಯಿತು ನೋಡಿ, ಎಳನೀರಿನಂಥ ತಿಳಿನೀರು! ಎರಡು ಬೊಗಸೆ ಕುಡಿದು, ತಲೆಗೂ ಹಾಕಿಕೊಂಡಳು. ನಾನೂ ಹುಡುಗಿಯೂ ಗೆದ್ದೆವು ಎಂದು ಮುಖ ಮುಖ ನೋಡಿಕೊಂಡೆವು.

ಅಜ್ಜಿ ಎದ್ದು ಡ್ರಮ್ಮಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಬೆರಳಲ್ಲಿ ತಟ್ಟಿದಳು. ಕೊನೆಗೆ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ,

"ಯಾರಿಗೂ ಹೇಳಲ್ಲ ಕಣಪ್ಪಾ, ನನಗೊಬ್ಬಳಿಗೇ ಹೇಳು. ಇದರೊಳಗೆ ಕ್ಯಾನ್ ಹೆಂಗೆ ತೂರಿಸಿದ್ರಿ?"