ಡಾಕ್ಟರ ಜೊತೆ ಹಳೇ ಚರ್ಚು, ಹಳೇ ಪಬ್ಬು

ಹಳೇ ಜಾಗ ನೋಡಲು ಹೋದರೆ ನನಗೆ ಏನಾದರೂ ಒಂದು ಆಗದೆ ಇರುವುದಿಲ್ಲ. ಬೇರೆಯವರು ಫೋಟೋ ತೆಗೆದುಕೊಂಡು ಮನೆಗೆ ಬರುತ್ತಾರೆ, ನಾನು ಯಾರದೋ ಕ್ಷಮೆ ಕೇಳಿ ಬರುತ್ತೇನೆ.

ಯಾಕೆ ಹೋದೆವು ಎಂಬುದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾವು ಧಾರವಾಡದವರು, ಇರುವುದು ಲಂಡನ್ನಿನ ಕೆಂಟನ್‌ನಲ್ಲಿ. ನನ್ನ ಯಜಮಾನರು ಎಲುಬಿನ ಡಾಕ್ಟರು. ಡಾಕ್ಟರಾಗಿದ್ದರು ಎನ್ನಬೇಕು, ಯಾಕೆಂದರೆ ಈ ವರ್ಷ ರಿಟೈರ್ ಆದರು. ಆದ ದಿನದಿಂದ ಮಾತು ನಿಂತಿತು. ಸಿಟ್ಟಲ್ಲ, ಕಾಯಿಲೆಯೂ ಅಲ್ಲ. ಸುಮ್ಮನೆ ಕುರ್ಚಿಯಲ್ಲಿ ಕೂತು ಕಿಟಕಿ ನೋಡುವುದು. "ಚಹಾ ಬೇಕೇನ್ರೀ?" ಅಂದರೆ "ಹ್ಞೂಂ." "ಬ್ಯಾಡೇನ್ರೀ?" ಅಂದರೂ "ಹ್ಞೂಂ."

ಮಗಳು ಫೋನಿನಲ್ಲಿ "ಅಮ್ಮಾ, ಜಸ್ಟ್ ಟೇಕ್ ಹಿಮ್ ಔಟ್" ಅಂದಳು. ಲೈಬ್ರರಿಯಲ್ಲಿ ಒಂದು ಮಡಚಿದ ಕಾಗದ ಸಿಕ್ಕಿತು. ಲಂಡನ್ನಿನ ಅಂಚಿನ ಒಂದು ಹಳ್ಳಿ ಪ್ಯಾರಿಷ್‌ನಲ್ಲಿ ನೋಡಬೇಕಾದ ಚರ್ಚು, ಪಬ್ಬುಗಳ ಪಟ್ಟಿ. ಪ್ಯಾರಿಷ್ ಎಂದರೆ ಒಬ್ಬ ಪಾದ್ರಿಗಳಿಗೆ ಸೇರಿದ ಊರುಕೇರಿ ಎಂದುಕೊಳ್ಳಿ. ಯಜಮಾನರನ್ನು ಎಬ್ಬಿಸಿ ಬಸ್ಸು ಹತ್ತಿಸಿದೆ. ಅವರು ಒಂದು ಪೂರ್ತಿ ಮಾತು ಆಡಿದರೆ ನನಗೆ ಸಾಕಾಗಿತ್ತು.

ಬೂಟು

ಮೊದಲ ಚರ್ಚಿನ ಬಾಗಿಲಲ್ಲಿ ನಾವಿಬ್ಬರೂ ಬೂಟು ಬಿಚ್ಚಿ ಗೋಡೆ ಪಕ್ಕ ಇಟ್ಟೆವು. ಇಲ್ಲಿ ಬಿಚ್ಚಬೇಕಿಲ್ಲ ಎಂದು ಮೂವತ್ತು ವರ್ಷದಿಂದ ಗೊತ್ತು. ಆದರೆ ಗೊತ್ತಿರುವುದು ತಲೆಗೆ, ಕಾಲಿಗಲ್ಲ.

ಸ್ವಲ್ಪ ಹೊತ್ತಿಗೆ ಯಾವುದೋ ನಡಿಗೆ ಕ್ಲಬ್ಬಿನ ಹತ್ತು ಹನ್ನೆರಡು ಜನ ಹಿರಿಯರು ಒಳಗೆ ಬಂದರು. ಎಲ್ಲರೂ ಬರೀ ಸಾಕ್ಸಿನಲ್ಲಿ! ನಮ್ಮ ಬೂಟು ನೋಡಿ, ಇಲ್ಲಿನ ನಿಯಮವೇ ಹೀಗೆ ಎಂದುಕೊಂಡು ಅವರೂ ಬಿಚ್ಚಿದ್ದರು. ಇಂಗ್ಲಿಷರು ಸಾಲು ಕಂಡರೆ ಸೇರಿಬಿಡುತ್ತಾರೆ, ಯಾಕೆ ಎಂದು ಕೇಳುವುದಿಲ್ಲ. ಬೂಟಿನ ಸಾಲಾದರೂ ಅಷ್ಟೇ.

ಕೊನೆಗೆ ಪಾದ್ರಿಗಳು ಬಂದರು. ಬೂಟುಗಳನ್ನು ನೋಡಿದರು, ನಮ್ಮನ್ನು ನೋಡಿದರು, ಸದ್ದಿಲ್ಲದೆ ತಮ್ಮದನ್ನೂ ಬಿಚ್ಚಿದರು. ಎಡಗಾಲಿನ ಸಾಕ್ಸು ತೂತಾಗಿ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ನಾನು ಅವರ ಹತ್ತಿರ ಓಡಿ, ತಪ್ಪು ನಮ್ಮದು ಎಂದೆ.

"ಛೆ, ನಿಮ್ಮದಲ್ಲ. ಬೇರೆ ಸಾಕ್ಸು ಹಾಕಿಕೋ ಅಂತ ನನ್ನ ಹೆಂಡತಿ ಬೆಳಿಗ್ಗೆಯೇ ಹೇಳಿದ್ದಳು. ಯಾರು ನೋಡುತ್ತಾರೆ ಅಂದಿದ್ದೆ!"

ನಾನು ಯಜಮಾನರ ಮುಖ ನೋಡಿದೆ. "ಹ್ಞೂಂ" ಅಂದರು. ಆದರೆ ಈ ಹ್ಞೂಂ ಸ್ವಲ್ಪ ಉದ್ದ ಇತ್ತು.

ಪಬ್ಬಿನ ಕುರ್ಚಿ

ನಾವು ಕುಡಿಯುವವರಲ್ಲ, ಆದ್ದರಿಂದ ಪಬ್ಬಿನ ರೀತಿ ರಿವಾಜು ಗೊತ್ತಿಲ್ಲ. ಅಲ್ಲಿ ನಾವೇ ಎದ್ದು ಕೌಂಟರಿಗೆ ಹೋಗಿ ಕೇಳಬೇಕಂತೆ. ನಾವು ಬೆಂಕಿಗೂಡಿನ ಪಕ್ಕದ ಮೇಜಿಗೆ ಕೂತು ಕಾದೆವು. ಬಹಳ ಹೊತ್ತಿನ ಮೇಲೆ ಒಬ್ಬ ಮುದುಕರು ಬಂದು ನಮ್ಮ ಮುಂದೆ ಸುಮ್ಮನೆ ನಿಂತರು.

"ಎರಡು ಚಹಾ, ಒಂದು ಪ್ಲೇಟ್ ಚಿಪ್ಸ್. ಬಿಸಿ ಇರಲಿ. ಹಾಗೇ ಈ ಮೇಜು ಒರೆಸಿಬಿಡಿ" ಎಂದೆ.

ಅವರು ಮೇಜು ಒರೆಸಿದರು. ಚಹಾ ತಂದರು, ಚಿಪ್ಸ್ ತಂದರು. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ನಮ್ಮ ಜೊತೆಗೇ ಕೂತರು! ನನಗೆ ಗಾಬರಿ. ಏನಾದರೂ ಮಾತಾಡಬೇಕಲ್ಲ ಎಂದು "ಇಲ್ಲಿ ಎಷ್ಟು ವರ್ಷದಿಂದ ಕೆಲಸ?" ಅಂತ ಕೇಳಿದೆ.

"ನಾನು ಇಲ್ಲಿ ಕೆಲಸ ಮಾಡುವುದಿಲ್ಲ. ನೀವು ಕೂತಿರುವುದು ನಾನು ದಿನಾ ಕೂರುವ ಕುರ್ಚಿ. ಅದನ್ನು ಹೇಳೋಣ ಅಂತ ನಿಂತಿದ್ದೆ."

ನಾನು ನಾಚಿಕೆಯಿಂದ ಎದ್ದು ನಿಂತೆ. ಅವರು "ಕೂತ್ಕೊಳ್ಳಿ, ಕೂತ್ಕೊಳ್ಳಿ. ಹೆಂಡತಿ ತೀರಿಕೊಂಡ ಮೇಲೆ ನನಗೆ ಇಷ್ಟು ಚೆನ್ನಾಗಿ ಯಾರೂ ಕೆಲಸ ಹೇಳಿರಲಿಲ್ಲ" ಎಂದರು.

ಯಜಮಾನರು ಕಪ್ಪು ಕೆಳಗಿಟ್ಟರು. "ಬೇಕಾದರೆ ವಾರಕ್ಕೊಮ್ಮೆ ಇವಳನ್ನು ಕಳಿಸಿಕೊಡುತ್ತೇನೆ" ಎಂದರು.

ಎಷ್ಟೋ ತಿಂಗಳ ಮೇಲೆ ಬಂದ ಮೊದಲ ಪೂರ್ತಿ ಮಾತು. ಅದೂ ನನ್ನನ್ನು ಸಾಗಹಾಕುವುದಕ್ಕೆ!

ಕಲ್ಲಿನ ಪೇಷಂಟು

ಕಾಗದದಲ್ಲಿದ್ದ ಕೊನೆಯ ಚರ್ಚಿನಲ್ಲಿ ಒಂದು ಸಮಾಧಿ ಇದೆ. ಮೇಲೆ ಕಲ್ಲಿನಲ್ಲಿ ಕೆತ್ತಿದ ಒಬ್ಬ ವೀರ ಅಂಗಾತ ಮಲಗಿದ್ದಾನೆ, ಪಕ್ಕದಲ್ಲಿ ಅವನ ಹೆಂಡತಿ. ಯಜಮಾನರು ಬಗ್ಗಿ ಅವನ ಕಾಲುಗಳನ್ನು ಬಹಳ ಹೊತ್ತು ನೋಡಿದರು.

"ಇವನ ಎಡಗಾಲು ಗಿಡ್ಡ ಅದ. ಸೊಂಟದ ಜಾಯಿಂಟ್ ಹೋಗೇದ."

"ರೀ, ಅದು ಕಲ್ಲು!"

"ಕಲ್ಲಾದ್ರೇನಾತು? ಕೆತ್ತಿದಂವಾ ನೋಡೇ ಕೆತ್ತ್ಯಾನ."

ಚರ್ಚು ನೋಡಲು ಬಂದಿದ್ದವರಿಗೆಲ್ಲ ಇಂಗ್ಲಿಷಿನಲ್ಲಿ ಶುರುವಾಯಿತು ವಿವರಣೆ. ಕುದುರೆಯಿಂದ ಬಿದ್ದಿರಬೇಕು, ಎಲುಬು ಸರಿಯಾಗಿ ಕೂಡಿಕೊಂಡಿಲ್ಲ, ಮಳೆಗಾಲಕ್ಕೆ ನೋವು ಬರುತ್ತಿರಬೇಕು. ಬ್ಯಾಡ್ಜ್ ಹಾಕಿಕೊಂಡಿದ್ದ ಚರ್ಚಿನ ಗೈಡ್ ತಮ್ಮ ಮಾತು ನಿಲ್ಲಿಸಿ ತಾವೂ ಕೇಳುತ್ತಾ ನಿಂತರು.

ಕೋಲು ಹಿಡಿದ ಒಬ್ಬ ಅಜ್ಜಿ ಮುಂದೆ ಬಂದು, "ಡಾಕ್ಟರ್, ಹಾಗಾದರೆ ನನ್ನ ಮೊಣಕಾಲು?" ಎಂದರು.

"ಅದಕ್ಕೆ ನಿಮ್ಮ ಊರಿನ ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಕು."

"ಮೂರು ವಾರ ಕಾಯಬೇಕಂತೆ! ಇವನನ್ನು ಮಾತ್ರ ಕೂಡಲೇ ನೋಡಿದಿರಲ್ಲ?"

ಗೈಡ್ ಮೆಲ್ಲಗೆ ಹೇಳಿದರು: "ಅವನು ಆರುನೂರು ವರ್ಷದಿಂದ ಕ್ಯೂನಲ್ಲಿದ್ದಾನೆ, ಮೇಡಂ."

ಯಜಮಾನರು ನಕ್ಕರು. ಕಲ್ಲಿನ ವೀರನ ಎದೆ ಮೇಲೆ ಕೈ ಊರಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಚರ್ಚಿನ ಚಾವಣಿ ಎತ್ತರ ಇರುವುದರಿಂದ ನಗು ಎರಡು ಸಲ ಕೇಳಿಸಿತು. ನಾನು ಬಣ್ಣದ ಕಿಟಕಿ ನೋಡುವವಳಂತೆ ಆಚೆ ತಿರುಗಿ ಕಣ್ಣು ಒರೆಸಿಕೊಂಡೆ.

ಅಷ್ಟರಲ್ಲಿ ಹಿಂದಿನಿಂದ ಯಜಮಾನರು ಕರೆದರು: "ಏ, ಅಲ್ಲೇನ ನಿಂತೀ? ಮುಂದಿನ ಪೇಷಂಟ್ ಯಾರು?"

ನಾನು ವೀರನ ಪಕ್ಕ ಮಲಗಿದ್ದ ಕಲ್ಲಿನ ಹೆಂಡತಿಯನ್ನು ತೋರಿಸಿದೆ. "ಮೊದ್ಲ ಇಕೀನ್ನ ನೋಡ್ರಿ. ಗಂಡ ಮಗ್ಗಲಾಗ ಮಲಗ್ಯಾನ, ಆರುನೂರು ವರ್ಷ ಆತು, ಒಂದು ಮಾತು ಆಡಿಲ್ಲ."