ನನ್ನ ಶುಂಠಿ ಸೋಡಾ, ಕೆಳಮನೆಯವನ ಬಿಯರು

ಸಿಟ್ಟನ್ನು ನಾನಾಗಿ ಕರೆಯುವುದಿಲ್ಲ, ಅದೇ ಬಾಗಿಲು ತಟ್ಟಿಕೊಂಡು ಬರುತ್ತದೆ. ಸ್ವೀಡನ್ನಿಗೆ ಮಗಳ ಮನೆಗೆ ಬಂದ ಮೇಲೆ ಒಂದು ವಾರ ನೆಮ್ಮದಿಯಾಗಿ ಕೂತಿದ್ದರೆ ಕೇಳಿ. ಏನಾದರೊಂದು ಆಗುತ್ತದೆ. ತಪ್ಪು ಯಾರದೇ ಇರಲಿ, ಎಲ್ಲರೂ ತಿರುಗಿ ನೋಡುವುದು ನನ್ನ ಮುಖವನ್ನೇ.

ನಾನು ರಾಣೆಬೆನ್ನೂರಿನ ಸೋಡಾ ಸಾಹೇಬ. ಶಾಲೆಯ ಮೆಟ್ಟಿಲು ಹತ್ತಿದ್ದೇ ಮೇಷ್ಟರುಗಳಿಗೆ ಸೋಡಾ ಕೊಡಲಿಕ್ಕೆ. ಆದರೆ ಗ್ಯಾಸಿನ ವಿಷಯದಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ನನ್ನ ಗೋಲಿ ಸೋಡಾ ಒಡೆದ ಸದ್ದಿಗೆ ಸ್ಟೇಷನ್ನಿನಿಂದ ಹೊರಟ ರೈಲು ನಿಲ್ಲುತ್ತಿತ್ತು. ಮಸೀದಿಯ ಮಿನಾರಿನ ಪಾರಿವಾಳಗಳು ಹಾರಿದರೆ ಇಳಿಯುತ್ತಿದ್ದದ್ದು ಹಾವೇರಿಯಲ್ಲಿ. ಹಾವೇರಿಯವರೇ ಬುಟ್ಟಿಯಲ್ಲಿ ಹಾಕಿಕೊಂಡು ಬಂದು ವಾಪಸು ಕೊಟ್ಟು ಹೋಗಿದ್ದಾರೆ.

ಅಂಥವನಿಗೆ ಇಲ್ಲಿ, ನಮ್ಮ ಕಡೆಯ ಮುಸಲ್ಮಾನರೆಲ್ಲ ಹಾಲ್ ಹಿಡಿದು ಮಾಡುವ ಬಕ್ರೀದ್ ಊಟದಲ್ಲಿ, ಕೋಲಾ ಅನ್ನುವ ಅಂಗಡಿಯ ಕರಿ ನೀರು ಕುಡಿಸಿದರು! "ಮುಂದಿನ ಬಕ್ರೀದಿಗೆ ಇಡೀ ಹಾಲ್ ನನ್ನ ಶುಂಠಿ ಸೋಡಾ ಕುಡಿಯಬೇಕು, ಇಲ್ಲದಿದ್ದರೆ ನನ್ನನ್ನು ಸೋಡಾ ಸಾಹೇಬ ಅನ್ನಬೇಡಿ" ಅಂದೆ. ಎಲ್ಲರೂ ನಕ್ಕರು. ಆ ನಗೆ ನನ್ನ ಎದೆಯಲ್ಲಿ ಗೋಲಿಯ ಹಾಗೆ ಸಿಕ್ಕಿಕೊಂಡಿತು.

೧. ಬಾತ್‌ರೂಮಿನ ಬಿಸಿ ನೆಲ

ಇಲ್ಲಿ ನನ್ನ ಹತ್ತಿರ ಗ್ಯಾಸ್ ತುಂಬುವ ಮೆಷಿನ್ ಇಲ್ಲ. ಮೊಮ್ಮಗಳು ಲಿಂಕೋಪಿಂಗಿನಲ್ಲಿ ಓದುತ್ತಾಳೆ, ವಾರದ ಕೊನೆಗೆ ಬರುತ್ತಾಳೆ. ಫೋನು ನೋಡಿ ಈ ಅಜ್ಜನಿಗೆ ಹೇಳಿದಳು: "ನಾನಾ, ಯೀಸ್ಟ್ ಹಾಕಿದ್ರೆ ಗ್ಯಾಸ್ ತಾನಾಗೇ ಬರುತ್ತಂತೆ. ಬೆಚ್ಚಗಿರೋ ಜಾಗದಲ್ಲಿ ಇಡ್ಬೇಕು."

ಈ ದೇಶದಲ್ಲಿ ಬೆಚ್ಚಗಿರುವ ಜಾಗ ಅಂದರೆ ಬಾತ್‌ರೂಮಿನ ನೆಲ. ರಸ್ತೆಯಲ್ಲಿ ಮನುಷ್ಯ ಹೆಪ್ಪುಗಟ್ಟಿದರೂ ಚಿಂತೆಯಿಲ್ಲ, ಬಾತ್‌ರೂಮಿನ ನೆಲದಡಿ ಮಾತ್ರ ವೈರು ಹಾಕಿ ಕಾಯಿಸುತ್ತಾರೆ! ನಾನು ಶುಂಠಿ ನೀರಿಗೆ ಯೀಸ್ಟ್ ಹಾಕಿ ತುಂಬಿದ ಬಾಟಲಿಗಳನ್ನು ವಾಷಿಂಗ್ ಮೆಷಿನ್ ಹಿಂದೆ ಸಾಲಾಗಿ ನಿಲ್ಲಿಸಿದೆ.

ಮೂರನೇ ಬೆಳಿಗ್ಗೆ ಅಳಿಯ ಗಡ್ಡ ಹೆರೆಯುತ್ತಿದ್ದ. ಢಂ! ಒಂದರ ಹಿಂದೆ ಒಂದು. ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು, ಎರಡೂ ಕೈ ಮೇಲೆತ್ತಿಕೊಂಡು ಹೊರಗೆ ಬಂದ.

"ಅಬ್ಬಾಜಾನ್! ಒಳಗೆ ಏನಿಟ್ಟಿದ್ದೀರಿ?"

"ಸೋಡಾ."

"ವಾಸನೆ ನೋಡಿ ಅಬ್ಬಾ! ಯೀಸ್ಟ್ ಹಾಕಿ ಹುಳಿ ಬರಿಸಿದ್ರೆ ಅದು ಬಿಯರ್ ದಾರಿ ಹಿಡಿಯುತ್ತೆ. ಇದನ್ನ ಬಕ್ರೀದಿಗೆ ತಂದ್ರೆ ಜನ ನಮ್ಮ ಮನೆ ಕಡೆ ತಲೆ ಹಾಕಲ್ಲ. ಯೀಸ್ಟ್ ಇರೋ ಸೋಡಾ ನಾನಿರೋವರೆಗೂ ಹಾಲ್‌ಗೆ ಬರಲ್ಲ."

ಬಿಯರ್! ನಮ್ಮೂರ ಖಾಜಿ ಸಾಹೇಬರು ಊಟವಾದ ಮೇಲೆ ನನ್ನ ಸೋಡಾ ಇಲ್ಲದೆ ತೇಗುತ್ತಿರಲಿಲ್ಲ, ನನಗೆ ಈ ಮಾತು! ಉಳಿದದ್ದನ್ನೆಲ್ಲ ಅಳಿಯ ಸಿಂಕಿಗೆ ಸುರಿದ. ಆಗ ನನ್ನ ತಲೆಯ ಮೇಲೆ ಪಾತ್ರೆ ಇಟ್ಟಿದ್ದರೆ ಚಹಾ ಕುದಿಯುತ್ತಿತ್ತು.

ಸುರಿಯುವ ಗಡಿಬಿಡಿಯಲ್ಲಿ ಆಫೀಸಿನ ಮೀಟಿಂಗಿಗೆ ಹೊತ್ತಾಯಿತು. ಅರ್ಧ ಗಡ್ಡ ಬಿಟ್ಟುಕೊಂಡೇ ಕಂಪ್ಯೂಟರಿನ ಮುಂದೆ ಕೂತ. ಅವನ ಮೇಡಂ ಬಲು ಮೆಲ್ಲಗೆ ಕೇಳಿದಳಂತೆ: "ಇವತ್ತು ನಿಮ್ಮಲ್ಲಿ ಏನಾದರೂ ಹಬ್ಬವೇ? ರಜೆ ಬೇಕಿತ್ತೇ?"

೨. ಜಾಲರಿಯಾಚೆಯ ಮುದುಕ

ನಾವಿರುವ ಸುಂಡ್‌ಬಿಬರ್ಗ್ ಊರಿನ ಕಟ್ಟಡದಡಿ ನೆಲಮಾಳಿಗೆಯಿದೆ. ಮನೆಗೊಂದು ಸಾಮಾನಿನ ಗೂಡು, ನಡುವೆ ಕೋಳಿಗೂಡಿನಂಥ ಜಾಲರಿ. ನಮ್ಮ ಗೂಡಿನ ಪಕ್ಕದ್ದು ಕೆಳಮನೆಯ ಮುದುಕನದು. ವಯಸ್ಸಿನಲ್ಲಿ ನನಗಿಂತ ಚಿಕ್ಕವನೇ ಇರಬೇಕು, ಆದರೂ ಮುದುಕ ಅವನೇ, ನಾನಲ್ಲ. ಅಷ್ಟು ದಿನವಾದರೂ ಒಂದು ಸಲಾಮಿಲ್ಲ, ನಮಸ್ಕಾರವಿಲ್ಲ. ಇಲ್ಲಿಯ ಜನ ಬಾಗಿಲಿನ ತೂತಿನಿಂದ ಇಣುಕಿ, ಹೊರಗೆ ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೇ ಹೊರಗೆ ಕಾಲಿಡುವುದು!

ಅವನಿಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು. ಗೂಡಿನಲ್ಲಿ ಡ್ರಮ್ಮುಗಳು ಬುಳುಬುಳು ಅನ್ನುತ್ತಿರುತ್ತವೆ. ನಾನು ಅತ್ತ ಮುಖ ಹಾಕುತ್ತಿರಲಿಲ್ಲ. ಆದರೆ ಕಿವಿಗೆ ಮುಚ್ಚಳ ಹಾಕಲು ಬರುತ್ತದೆಯೇ? ಒಂದು ದಿನ 'ಸುಯ್' ಅಂತ ಕೇಳಿಸಿತು.

"ಅಯ್ಯೋ ಪುಣ್ಯಾತ್ಮಾ, ಗ್ಯಾಸ್ ಸೋರ್ತಾ ಇದೆ!" ಅಂತ ಕೂಗಿದೆ. ಕನ್ನಡದಲ್ಲೇ. ಗ್ಯಾಸಿಗೆ ಭಾಷೆ ಯಾವುದಾದರೇನು? ಮುದುಕ ಬೆಚ್ಚಿ ನೋಡಿದ.

ಬಿಯರನ್ನು ನಾನು ಮುಟ್ಟುವಂತಿಲ್ಲ, ನೋಡುವ ಮನಸ್ಸೂ ಇಲ್ಲ. ಆದರೆ ಗ್ಯಾಸ್ ಸೋರುವುದನ್ನು ಕೇಳಿಸಿಕೊಂಡು ಸುಮ್ಮನಿದ್ದರೆ ನಾನು ಎಂಥ ಸೋಡಾ ಸಾಹೇಬ? ಅವನಿಗೆ ಬೆನ್ನು ಮಾಡಿ ನಿಂತು, ಕೈ ಚಾಚಿ ತೋರಿಸಿದೆ: "ಈ ಕಡೆ! ಈ ಕಡೆ ತಿರುಗಿಸು! ಜೋರಾಗಿ!"

ನನ್ನ ಬಲವೂ ನನ್ನ ಬೆನ್ನ ಹಿಂದೆ ನಿಂತವನ ಬಲವೂ ಒಂದೇ ತಾನೇ? ದಡ್ಡ, ನಾನು ಎದುರು ನಿಂತವನ ಹಾಗೆ ಲೆಕ್ಕ ಹಾಕಿ ಉಲ್ಟಾ ತಿರುಗಿಸಿದ. ಡ್ರಮ್ಮಿನ ಮುಚ್ಚಳ ಕಿತ್ತುಬಂತು. ಜಾಲರಿ ದಾಟಿ ಬಂದ ಬಿಯರು ತಲೆಯಿಂದ ಹಿಮ್ಮಡಿವರೆಗೆ ನನಗೆ ಸ್ನಾನ ಮಾಡಿಸಿತು.

ಮೇಲೆ ಹೋದರೆ ಬಾಗಿಲು ತೆಗೆದವನು ಅಳಿಯ. ಮೂಗು ಅರಳಿಸಿದ, ಕಣ್ಣು ಮುಚ್ಚಿದ, ಗೋಡೆ ಹಿಡಿದುಕೊಂಡ.

"ಅಬ್ಬಾ, ಬಿಯರ್ ಮಾಡೋದಷ್ಟೇ ಅಂದ್ಕೊಂಡಿದ್ದೆ. ಸ್ನಾನಾನೂ ಅದರಲ್ಲೇನಾ?"

೩. ನೊರೆಯ ಚಿತ್ರ

ಮರುದಿನ ಮುದುಕನೇ ಮೇಲೆ ಬಂದ, ಕ್ಷಮೆ ಕೇಳಲಿಕ್ಕೆ. ಮೊಮ್ಮಗಳು ಅನುವಾದಕ್ಕೆ ನಿಂತಳು. ಮಾತಿನ ನಡುವೆ, ಬಿಯರಿಗೆ ಹಾಯಿಸಲು ಒಂದು ದೊಡ್ಡ ಗ್ಯಾಸ್ ಸಿಲಿಂಡರ್ ಇಟ್ಟಿದ್ದೇನೆ ಅಂದ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸೋಡಾ ಗ್ಯಾಸ್! ಯೀಸ್ಟೂ ಬೇಡ, ಬಿಸಿ ನೆಲವೂ ಬೇಡ!

ಅವನ ಗೂಡಿನಿಂದ ಬಿಯರ್ ತಾಗದ ಹೊಸ ಡ್ರಮ್ಮು, ಹೊಸ ಬಾಟಲಿ, ಹೊಸ ಮುಚ್ಚಳ ತೆಗೆಸಿದೆ. ಹೊಸದಾದರೂ ಅಂಗೈ ಬಿಳಿಚುವವರೆಗೆ ತೊಳೆದೆ. ಶುಂಠಿ ಜಜ್ಜಿದೆ, ಗ್ಯಾಸ್ ಹಾಯಿಸಿದೆ. ಮುಚ್ಚಳ ತೆಗೆದರೆ ನೆಲಮಾಳಿಗೆಯ ದೀಪ ಒಮ್ಮೆ ಆರಿ ಹತ್ತಿತು. ಗ್ಯಾಸಿನ ಬಾಡಿಗೆ ಅಂತ ಮುದುಕನಿಗೆ ಎರಡು ಬಾಟಲಿ ಕೊಟ್ಟೆ.

ಹಬ್ಬದ ಊಟದ ಉಸ್ತುವಾರಿ ವೆಸ್ಟೆರಾಸಿನ ಒಬ್ಬ ಇಂಜಿನಿಯರನದು. ಅವನು ಒಪ್ಪಿದರೆ ತಾನೂ ಒಪ್ಪುತ್ತೇನೆ ಅಂದ ಅಳಿಯ. ಚೀಲ ತುಂಬ ಬಾಟಲಿ ಹಿಡಿದು ರೈಲು ಹತ್ತಿದೆ. ಟಿಣ್ ಟಿಣ್ ಸದ್ದಿಗೆ ನನ್ನ ಪಕ್ಕ ಯಾರೂ ಕೂರಲಿಲ್ಲ. ಬರಿಗೈಲಿ ಹೋದರೂ ಕೂರುವುದಿಲ್ಲ ಬಿಡಿ.

ಇಂಜಿನಿಯರ್ ಬಾಗಿಲು ತೆಗೆದವನೇ ಮುಚ್ಚಳ ನೋಡಿ ಹೌಹಾರಿದ.

"ಚಾಚಾ, ಬಿಯರ್ ತಂದಿದ್ದೀರಾ? ಮೇಲೆ ಬಿಯರ್ ಗ್ಲಾಸಿನ ಚಿತ್ರ ಇದೆಯಲ್ಲ!"

"ಅದು ನೊರೆ ಕಣಯ್ಯಾ! ಸೋಡಾಕ್ಕೆ ನೊರೆ ಬರದೆ ಮಜ್ಜಿಗೆಗೆ ಬರುತ್ತಾ? ಇಷ್ಟು ಓದಿದ್ದೀಯ, ಬಾಯಲ್ಲಿಟ್ಟು ನೋಡು!"

ಅವನು ಕುಡಿದ. ಅವನ ಹೆಂಡತಿ ಕುಡಿದಳು. ಮಲಗಿದ್ದ ಅತ್ತೆ ಎದ್ದು ಬಂದು ಕುಡಿದರು. ಚೀಲ ಖಾಲಿ.

"ಒಪ್ಪಿದೆ ಚಾಚಾ. ಆದ್ರೆ ಈ ಬಾಟಲಿ ಬೇಡ, ಜಗ್ಗಿಗೆ ಸುರಿದು ಕೊಡೋಣ."

ಜಗ್ಗಿಗೆ! ಸೋಡಾವನ್ನು! ಮದುಮಗನನ್ನು ಹಿತ್ತಿಲ ಬಾಗಿಲಿಂದ ಕರೆತಂದ ಹಾಗೆ! ನಾನು ಎಷ್ಟು ಕೂಗಾಡಿದೆನೆಂದರೆ ಪಕ್ಕದ ಮನೆಯವರು ಬಾಗಿಲು ತೆಗೆದು ಹೊರಗೆ ಬಂದರು. ಅಷ್ಟು ವರ್ಷದಲ್ಲಿ ಅವರ ಮುಖ ನೋಡಿದ್ದು ಅದೇ ಮೊದಲಂತೆ, ಇಂಜಿನಿಯರ್ ನನಗೆ ಥ್ಯಾಂಕ್ಸ್ ಹೇಳಿದ.

೪. ಬಕ್ರೀದಿನ ಹಾಲ್

ಕೊನೆಗೆ ಮಗಳು ಮುಚ್ಚಳಗಳಿಗೆಲ್ಲ ಹಸಿರು ಕಾಗದ ಅಂಟಿಸಿದಳು, ಜಗಳ ಮುಗಿಯಿತು. ಕೆಳಮನೆಯ ಮುದುಕನನ್ನೂ ಊಟಕ್ಕೆ ಕರೆದಿದ್ದಳು. ಅವನ ಪತ್ತೆಯಿಲ್ಲ. ಈ ದೇಶದವನು ಹೊತ್ತಿಗೆ ಸರಿಯಾಗಿ ಬರಲಿಲ್ಲ ಅಂದರೆ ಸತ್ತಿರಬೇಕು ಅಂದುಕೊಂಡೆ.

ಬಿರಿಯಾನಿ ಮುಗಿಯಿತು. ನಾನು ಮೊದಲ ಬಾಟಲಿ ತೆರೆದೆ. ಢಪ್! ನಿದ್ದೆ ಹೋಗಿದ್ದ ಕೂಸುಗಳು ಎದ್ದವು, ತೂಕಡಿಸುತ್ತಿದ್ದ ಹಿರಿಯರು ಸಾವೇ ಬಂತೆಂದು ಕಲಿಮಾ ಹೇಳಿದರು.

ನಮಾಜು ಮಾಡಿಸುವ ನಮ್ಮ ಹಾಫಿಜ್ ಸಾಹೇಬರು ಮಹಾ ಕಟ್ಟುನಿಟ್ಟು. ಒಂದು ಚಾಕಲೇಟು ಕೊಟ್ಟರೂ ಹಿಂದಿನ ಸಣ್ಣಕ್ಷರ ಓದದೆ ಬಾಯಿಗೆ ಹಾಕುವವರಲ್ಲ.

"ಚಾಚಾ, ಇದರಲ್ಲಿ ಏನೇನಿದೆ?"

"ಶುಂಠಿ, ನಿಂಬೆ, ಸಕ್ಕರೆ, ಉಪ್ಪು. ಸ್ವಲ್ಪ ನನ್ನ ಸಿಟ್ಟು."

ಅವರು ಒಂದು ಗುಟುಕು ಕುಡಿದರು. ಲೋಟ ಖಾಲಿ ಮಾಡಿದರು. ಇನ್ನೊಂದು. ಮತ್ತೊಂದು. ಇಡೀ ಹಾಲ್ ತೇಗಿತು. ಅಳಿಯನೇ ಎದ್ದು ಬಂದು "ಅಬ್ಬಾ, ನನ್ನದೇ ತಪ್ಪು" ಅಂದ. ನಾನು ಪಾರಿವಾಳದ ಕಥೆ ಶುರು ಮಾಡಲು ಬಾಯಿ ತೆರೆದೆ.

ಬಾಗಿಲು ದಡಾರನೆ ತೆರೆಯಿತು. ಮುದುಕ! ಕೋಟು, ಟೈ, ಕೈಯಲ್ಲಿ ಮಿರಮಿರ ಮಿಂಚುವ, ಹಿಡಿಕೆಯಿರುವ ದೊಡ್ಡ ಕಪ್ಪು. ಮೆಟ್ಟಿಲ ಮೇಲೆ ಮುಖ ತಿರುಗಿಸುತ್ತಿದ್ದವನು ಓಡಿ ಬಂದು ನನ್ನನ್ನು ಅಪ್ಪಿಕೊಂಡ. ಸ್ವೀಡಿಷಿನಲ್ಲಿ ಏನೋ ಜೋರಾಗಿ ಹೇಳಿದ. ಇಲ್ಲೇ ಬೆಳೆದ ಹುಡುಗ ಹುಡುಗಿಯರೆಲ್ಲ ಒಟ್ಟಿಗೆ ಲೋಟ ಕೆಳಗಿಟ್ಟರು.

"ಏನಂತೆ?" ಅಂತ ಮೊಮ್ಮಗಳನ್ನು ಕೇಳಿದೆ.

ಅವಳ ಮುಖ ಬಿಳಿಚಿತ್ತು. "ನಾನಾ... ನಿಮ್ಮ ಬಿಯರಿಗೆ ಫಸ್ಟ್ ಪ್ರೈಜ್ ಬಂತಂತೆ."

ಹಾಲ್‌ನಲ್ಲಿ ಉಳಿದವರೂ ಲೋಟ ಕೆಳಗಿಟ್ಟರು. ಎಲ್ಲರ ಕಣ್ಣು ಹಾಫಿಜ್ ಸಾಹೇಬರ ಮೇಲೆ. ಅವರ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತ್ತು. ಅಳಿಯ ಕುರ್ಚಿ ಇಲ್ಲದ ಕಡೆ ಕೂತ.

"ಯಾವನಯ್ಯಾ ಬಿಯರ್ ಮಾಡಿದ್ದು!" ನಾನು ಗುಡುಗಿದೆ. "ಗ್ಯಾಸಿನ ಬಾಡಿಗೆ ಕೊಟ್ಟರೆ ನನ್ನ ಮಾನ ಹರಾಜು ಹಾಕ್ತೀಯಾ?"

ಮುದುಕ ಬಿಡಿಸಿ ಹೇಳಿದ, ಮೊಮ್ಮಗಳು ಒಂದೊಂದಾಗಿ ಕನ್ನಡಕ್ಕೆ ತಂದಳು. ಅವನದೊಂದು ಬಿಯರ್ ಮಾಡುವವರ ಸಂಘ, ಅವತ್ತೇ ಅವರ ಸ್ಪರ್ಧೆ. ನಾನು ಕೊಟ್ಟಿದ್ದ ಎರಡು ಬಾಟಲಿಯನ್ನೂ ಅಲ್ಲಿಗೆ ಒಯ್ದಿದ್ದ. ಅಲ್ಲಿ ಸೋಡಾಕ್ಕೆ ಜಾಗವಿಲ್ಲ. ಮದ್ಯವಿಲ್ಲದ ಬಿಯರಿನ ಸಾಲಿನಲ್ಲಿ ಇಟ್ಟರಂತೆ. ಮೂವರು ತಜ್ಞರು ಯಂತ್ರ ಹಾಕಿ ಪರೀಕ್ಷಿಸಿದರೂ ಮದ್ಯದ ಒಂದು ಹನಿ ಸಿಗಲಿಲ್ಲ. ಅವನ ಸ್ವಂತ ಬಿಯರಿಗೆ ಏನೂ ಬರಲಿಲ್ಲ.

ಅಳಿಯ ನೆಲದಿಂದಲೇ ಸ್ವೀಡಿಷಿನಲ್ಲಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. "ಸೊನ್ನೆಯಂತೆ, ಹಾಫಿಜ್ ಸಾಬ್. ಪೂರ್ತಿ ಸೊನ್ನೆ."

ಹಾಫಿಜ್ ಸಾಹೇಬರು ಲೋಟ ನೋಡಿದರು, ನನ್ನನ್ನು ನೋಡಿದರು, ಆ ಕಪ್ಪನ್ನು ಬಹಳ ಹೊತ್ತು ನೋಡಿದರು.

"ಚಾಚಾ, ಬಿಯರ್‌ನವರೇ ಪರೀಕ್ಷೆ ಮಾಡಿ ಬಿಯರ್ ಅಲ್ಲ ಅಂತ ಗ್ಯಾರಂಟಿ ಕೊಟ್ಟ ಸೋಡಾ ಇಡೀ ಸ್ವೀಡನ್ನಿನಲ್ಲಿ ಇದೊಂದೇ. ಆ ಕಪ್ಪು ಹೊಸದು ತಾನೇ? ತೊಳೆದು ಇತ್ತ ಕೊಡಿ. ಈ ಲೋಟ ಬಹಳ ಚಿಕ್ಕದು."