ಹೊಸ್ತಿಲು ದಾಟದ ಕರಣಿ

ಮಸ್ಕಿಗೆ ಸಂಬಂಧಿಸಿದಂತೆ ಇದುವರೆಗೆ ಎರಡು ಶಾಸನಗಳು ಹೊರಟಿವೆ. ಮೊದಲನೆಯದು ಅಶೋಕನದು, ಬಂಡೆಯ ಮೇಲಿದೆ. ಎರಡನೆಯದು ಮರಿಸ್ವಾಮಿಯದು. ಅದು ಹೊರಟಿದ್ದು ಸಿಂಧನೂರಿನಲ್ಲಿ, ಊಟದ ಪಂಕ್ತಿಯಲ್ಲಿ, ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ.

ಹೆಂಡತಿ ಶಿವಕುಮಾರಿಯ ತಮ್ಮ ಸಂಗನಬಸವ ಅಲ್ಲಿ ಹೊಸ ಮನೆ ಕಟ್ಟಿಸಿದ್ದ. ಹಾಲ್‌ನ ಒಂದು ಗೋಡೆಗೆ ಇಟ್ಟಿಗೆ ಚಿತ್ರದ ವಾಲ್‌ಪೇಪರ್ ಅಂಟಿಸಿ, ಮೇಲೊಂದು ಹಳದಿ ದೀಪ ಹಾಕಿಸಿದ್ದ. ಗೃಹಪ್ರವೇಶಕ್ಕೆ ಬಂದವರೆಲ್ಲ ದೇವರಿಗೆ ಕೈಮುಗಿಯುವುದನ್ನು ಮರೆತರೂ ಆ ಗೋಡೆಯ ಮುಂದೆ ನಿಂತು ಫೋಟೊ ಹೊಡೆಸಿಕೊಳ್ಳುವುದನ್ನು ಮರೆಯಲಿಲ್ಲ.

“ಮಾಮಾ, ನಿಮ್ಮದು ಹಳೇ ಮಣ್ಣಿನ ಗ್ವಾಡಿ. ಅದಕ್ಕ ಇಂಥಾದ್ದೆಲ್ಲ ನಿಲ್ಲಂಗಿಲ್ಲ ಬಿಡ್ರಿ,” ಎಂದ ಸಂಗನಬಸವ.

ಮರಿಸ್ವಾಮಿ ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ವಾಪಸ್ ಇಟ್ಟ. “ಬರೂ ಸೋಮವಾರ ಮಸ್ಕಿಗೆ ಊಟಕ್ಕ ಬಾ. ನಮ್ಮ ಪಡಸಾಲಿ ನೋಡಿ ಹೊಟ್ಟಿ ಉರ್ಕೊಳ್ಳಲಿಲ್ಲಂದ್ರ ಕೇಳು.”

“ಬುಡ್ಡೇಸಾಬ್‌ಗ ಒಂದು ಮಾತು ಹೇಳೂಣ್ರಿ,” ಎಂದು ಶಿವಕುಮಾರಿ ಮೆಲ್ಲಗೆ ಅಂದಳು.

ಬುಡ್ಡೇಸಾಬ್ ಪಕ್ಕದ ಮನೆಯವನು, ಎರಡೂ ಮನೆಗೆ ನಡುವೆ ಒಂದೇ ಗೋಡೆ. ಮೂವತ್ತು ವರ್ಷದಿಂದ ಗೋಡೆ ಕಟ್ಟುವ ಗೌಂಡಿ ಕೆಲಸ, ಗಾರೆ ಮೆತ್ತುವ ಕರಣಿ ಅವನ ಕೈ ಬಿಟ್ಟಿದ್ದಿಲ್ಲ. ಹೋದ ವರ್ಷ ಮರಿಸ್ವಾಮಿ ತಾನೇ ಗೋಡೆಗೆ ಹಲಗೆ ಹೊಡೆದು ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಿದ್ದ. ಹಲಗೆ, ಭರಣಿ ಎರಡೂ ಒಂದೇ ದಿನ ನೆಲಕ್ಕೆ ಬಂದವು. ಚೂರು ಆರಿಸುತ್ತಾ ಬುಡ್ಡೇಸಾಬ್, “ನಿಮ್ಮ ಕೈ ಪೆನ್ನಿಗೆ ಛಲೋ ಐತ್ರಿ, ಗ್ವಾಡಿಗಲ್ಲ” ಎಂದಿದ್ದ. ಲಿಂಗಸುಗೂರಿನ ಕಚೇರಿಯಲ್ಲಿ ಇಡೀ ತಾಲೂಕಿನ ಕಡತ ಸಂಭಾಳಿಸುವ ಮನುಷ್ಯನಿಗೆ ಆ ಮಾತು ಇನ್ನೂ ಚುಚ್ಚುತ್ತಿತ್ತು. ಹೀಗಾಗಿ ಶಾಸನ ಹೊರಟಿತು.

“ಬುಡ್ಡೇಸಾಬನ ಕರಣಿ ನಮ್ಮನಿ ಹೊಸ್ತಿಲ ದಾಟಿದ್ರ, ಒಂದು ವರ್ಷ ನಾ ಚಹಾ ಮುಟ್ಟೂದಿಲ್ಲ!”

ಪಂಕ್ತಿಯೆಲ್ಲ ಕೇಳಿಸಿಕೊಂಡಿತು. ಮರಿಸ್ವಾಮಿ ಲಿಂಗಸುಗೂರು ಬಸ್ಸು ಹತ್ತುವ ಮುಂಚೆ ಒಂದು, ಇಳಿದ ಮೇಲೆ ಒಂದು, ಹೀಗೆ ದಿನಕ್ಕೆ ಎಂಟು ಚಹಾ ಕುಡಿಯುವವನು. ಒಂದು ವರ್ಷಕ್ಕೆ ಎಷ್ಟಾಯಿತೆಂದು ಲೆಕ್ಕ ಹಾಕಲು ಹೋಗಿ ಅವನಿಗೇ ಬೆವರು ಬಂತು. ಆದರೆ ಆಡಿದ ಮಾತು, ಬಿಟ್ಟ ಬಾಣ.

ಶನಿವಾರ ಶಿವಕುಮಾರಿ ಬಳಗಾನೂರಿನ ಅಕ್ಕನ ಮನೆಗೆ ಹೊರಟಳು. “ನಾ ಬರೂತನ ಗ್ವಾಡಿಗೆ ಕೈ ಹಚ್ಚಬ್ಯಾಡ್ರಿ,” ಎಂದು ಎರಡು ಸಲ ಹೇಳಿದಳು. ಬಸ್ಸು ಊರು ದಾಟುವ ಮೊದಲೇ ಮರಿಸ್ವಾಮಿ ಲುಂಗಿ ಮೇಲೆತ್ತಿ ಕಟ್ಟಿದ್ದ.

ಲಿಂಗಸುಗೂರಿನಿಂದ ತಂದಿಟ್ಟಿದ್ದ ಇಟ್ಟಿಗೆ ಚಿತ್ರದ ಪೇಪರು ಪಡಸಾಲೆಯ ಗೋಡೆಗೆ ಚೆಂದಾಗಿ ಅಂಟಿತು. ಅರ್ಧ ಗಂಟೆ ಮಹಾರಾಜನ ಹಾಗೆ ನಿಂತಿತು. ಆಮೇಲೆ ಚರ್ರೆಂದು ಮೇಲಿಂದ ಕಳಚಿತು. ಅದೊಂದೇ ಕಳಚಿದ್ದರೆ ಪಾಡಿತ್ತು, ತನ್ನ ಜೊತೆ ಮನೆಯ ಚರಿತ್ರೆಯನ್ನೂ ಎಳೆದುಕೊಂಡು ಬಂತು. ಆ ಮನೆಗೆ ಬಣ್ಣ ಬೀಳುತ್ತಿದ್ದದ್ದು ಮದುವೆಗಳಿಗೆ ಮಾತ್ರ. ಮರಿಸ್ವಾಮಿಯ ಮದುವೆಯ ಹಸಿರು ಹೋಯಿತು. ಅದರಡಿಯ ಅವನ ಅಕ್ಕನ ಮದುವೆಯ ನೀಲಿ ಹೋಯಿತು. ಕೊನೆಗೆ ಅಪ್ಪನ ಮದುವೆಯ ಸುಣ್ಣವೂ ಹೋಗಿ ಬರೀ ಮಣ್ಣು ಕಂಡಿತು.

ಮರಿಸ್ವಾಮಿ ಸೋಲುವ ಕುಳವೇ? ಪೇಪರನ್ನು ಮತ್ತೆ ಎತ್ತಿ ಹಿಡಿದು ಮೊಳೆ ಹೊಡೆಯಲು ನಿಂತ. ಮೊದಲ ಮೊಳೆ ನಿಂತಿತು. ಎರಡನೆಯದು ಸ್ವಲ್ಪ ಅಲುಗಾಡಿತು. ಮೂರನೆಯದಕ್ಕೆ ಸುತ್ತಿಗೆ ತಾಗಿದ್ದೇ ತಡ, ಮೊಳೆ ಗೋಡೆಯೊಳಗೆ ಪೂರ್ತಿ ಮಾಯವಾಯಿತು. ಅದನ್ನು ಹುಡುಕಲು ಬೆರಳು ಹಾಕಿದ, ಬೆರಳಿನ ಹಿಂದೆ ಕೈ ಹೋಯಿತು. ಕೈಗೆ ಸಿಕ್ಕಿದ್ದು ಜೋಳದ ಒಣ ದಂಟಿನ ಕಣಕಿ ಮತ್ತು ಒಂದು ಹಳೇ ಧೋತರ. ಧೋತರ ಎಳೆದ. ಒಂದು ಬುಟ್ಟಿ ಮಣ್ಣು ಧೊಪ್ಪೆಂದು ಬಿದ್ದು ಊಟದ ಗಂಗಾಳದಷ್ಟು ತೂತಾಯಿತು. ತೂತಿನ ಆಚೆ ಒಲೆ ಉರಿಯುತ್ತಿತ್ತು. ಒಲೆಯ ಮುಂದೆ ಬುಡ್ಡೇಸಾಬನ ಹೆಂಡತಿ ಖಾಸಿಂಬೀ ಸೌಟು ಹಿಡಿದು ನಿಂತಿದ್ದಳು.

“ಬಾಗಲ ತೆರದ ಇತ್ತಲ್ಲ ಮರಿಸ್ವಾಮಣ್ಣ,” ಎಂದಳು ಆಕೆ.

“ಒಂದು ಮೊಳಿ ಬಿದ್ದಿತ್ತವ್ವ, ಹುಡುಕಾಕತ್ತೀನಿ.”

“ಇಲ್ಲೈತಿ ನೋಡ್ರಿ. ಚಹಾದಾಗ.”

“ಬುಡ್ಡೇಸಾಬ್‌ಗ ಹೇಳಬ್ಯಾಡವ್ವ.”

“ಚಹಾ ಅವರದರೀ.”

ಮರಿಸ್ವಾಮಿ ಪೇಪರು ಕಿತ್ತು ಸುತ್ತಿಟ್ಟು ಮಣ್ಣು ಗುಡಿಸಿದ. ತೂತಿನ ಮೇಲೆ ಕ್ಯಾಲೆಂಡರ್ ನೇತುಹಾಕಿದ. ತೂತು ಇದ್ದದ್ದು ಸೊಂಟದ ಎತ್ತರಕ್ಕೆ. ಹಾಗಾಗಿ ಕ್ಯಾಲೆಂಡರ್ ನೋಡುವವರು ಕೂತುಕೊಂಡೇ ತಿಥಿ ನೋಡಬೇಕಿತ್ತು. ಸಂಜೆ ಶಿವಕುಮಾರಿ ಬಂದು ಚಪ್ಪಲಿ ಬಿಡುತ್ತಲೇ ಗೋಡೆ ನೋಡಿದಳು.

“ಪೇಪರ್ ಎಲ್ಲಿ?”

“ವಿಚಾರ ಬದಲಾಸೀನಿ. ಸಾದಾ ಇದ್ರನ ಚೆಂದ.”

“ಫ್ಯಾನ್ ಬಂದ್ ಐತಿ. ಕ್ಯಾಲೆಂಡರ್ ಯಾಕ ಹಾರಾಕತ್ತೈತಿ?”

“ಗಾಳಿ.”

“ಒಗ್ಗರಣಿ ವಾಸನಿ?”

“ಅದೂ ಗಾಳೀನ.”

ಆಗ ಕ್ಯಾಲೆಂಡರ್ ಮಾತಾಡಿತು. “ಅಕ್ಕಾರ, ಬಳಗಾನೂರಾಗ ಎಲ್ಲಾರೂ ಆರಾಮ ಅದಾರೇನ್ರಿ?”

ಶಿವಕುಮಾರಿ ಕ್ಯಾಲೆಂಡರ್ ಎತ್ತಿದಳು. ಬೈಯುತ್ತಾಳೆಂದು ಮರಿಸ್ವಾಮಿ ಕಣ್ಣು ಮುಚ್ಚಿದ್ದ. ಅವಳು ನಕ್ಕಳು. ನಕ್ಕು ನಕ್ಕು ನೆಲಕ್ಕೆ ಕೂತಳು. ಆಚೆ ಖಾಸಿಂಬೀಯೂ ನಗುತ್ತಿದ್ದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

“ನಾಡಿದ್ದು ನನ್ನ ತಮ್ಮ ಬರ್ತಾನ,” ಎಂದಳು ಕಣ್ಣೊರೆಸಿಕೊಂಡು. “ಬುಡ್ಡೇಸಾಬ್‌ನ ಕರೀರಿ. ಇಲ್ಲಾಂದ್ರ ಊಟ ಮುಗಿಯೂತನ ಆ ತೂತಿಗೆ ಬೆನ್ನು ಕೊಟ್ಟು ನೀವ ನಿಂದರ್ರಿ.”

“ಚಹಾ?” ಎಂದ ಮರಿಸ್ವಾಮಿ, ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಬುಡ್ಡೇಸಾಬನ ಮುಖವೇ ತೂತಿನಲ್ಲಿ ಕಾಣಿಸಿತು. ಅವನು ಅಂಚಿನ ಮೇಲೆ ಕೈಯಾಡಿಸಿ ನೋಡಿದ. “ಇದು ಹಳೇ ಕಿಂಡಿರೀ. ನಮ್ಮವ್ವ, ನಿಮ್ಮವ್ವ ಇದರಾಗ ಬೆಂಕಿ, ಮಜ್ಜಿಗಿ ಕೊಟ್ಟು ತಗೊಂತಿದ್ರು. ಇವರ ಮಾತಿನಾಗ ದಿನಾ ರೊಟ್ಟಿ ಸೀಯತಾವಂತ ಸಿಟ್ಟಾಗಿ ನಿಮ್ಮಪ್ಪಾರು ಮುಚ್ಚಿಬಿಟ್ರು.”

“ಮುಚ್ಚಿದ್ರ ಸರಿ. ಕಣಕಿ, ಧೋತರ ತುರುಕಿ ಯಾರಾರ ಮುಚ್ಚತಾರೇನು?” ಎಂದ ಮರಿಸ್ವಾಮಿ.

“ನಮ್ಮಪ್ಪ ಕಲ್ಲು ತರ್ತೀನಂದಿದ್ದ. ಗೌಂಡಿ ಯಾಕ ಬೇಕು, ನಾನ ಮುಚ್ಚತೀನಿ ಅಂದ್ರಂತ ನಿಮ್ಮಪ್ಪಾರು.”

ಶಿವಕುಮಾರಿ ಗೋಡೆಗೆ ಹಾಕಿದ್ದ ಮಾವನ ಫೋಟೊ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಮರಿಸ್ವಾಮಿ ಧೋತರ ಮಡಚತೊಡಗಿದ.

“ಬರ್ಲೇನ್ರಿ?” ಎಂದ ಬುಡ್ಡೇಸಾಬ್.

“ಬುಡ್ಡೇಸಾಬ್, ಹೊಸ್ತಿಲ ಮಾತ್ರ...”

“ಕೇಳೀನ್ರಿ, ಊರಿಗೇ ಗೊತ್ತೈತಿ. ನಾ ಯಾಕ ಹೊಸ್ತಿಲ ದಾಟ್ಲಿ? ಇದು ನಮ್ಮ ಅಡಗಿಮನಿ. ನನ್ನ ಗ್ವಾಡಿ ನಾ ಕಟ್ಕೊಂತೀನಿ. ನೀವು ಆ ಕಡಿ ನಿಂತು ಗಾರಿ ಕಲಸ್ರಿ.”

ಭಾನುವಾರವಿಡೀ ಬುಡ್ಡೇಸಾಬನ ಕರಣಿ ಕಿಂಡಿಯೊಳಗಿಂದ ಅವನ ಮೊಣಕೈತನಕ ಈಚೆ ಬಂದು ಬಂದು ಹೋಯಿತು. ಹೊಸ್ತಿಲನ್ನು ಮಾತ್ರ ದಾಟಲಿಲ್ಲ. ಗಾರೆ ಒಮ್ಮೆ ನೀರಾಯಿತು, ಒಮ್ಮೆ ಗಟ್ಟಿಯಾಯಿತು, ಮೂರನೇ ಸಲಕ್ಕೆ “ಈಗ ನಡೀತೈತಿ” ಅನ್ನಿಸಿಕೊಂಡಿತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಮರಿಸ್ವಾಮಿಗೆ ಕೈಯಷ್ಟೇ ಅಲ್ಲ, ಮೀಸೆಯೂ ಕೆಸರಾಗಿತ್ತು. ನಡುವೆ ಶಿವಕುಮಾರಿ “ಪೂರ್ತಿ ಮುಚ್ಚೂದು ಬ್ಯಾಡ” ಎಂದಳು. ಆಚೆಯಿಂದ ಖಾಸಿಂಬೀ “ಹೌದ್ರಿ, ಕದ ಹಚ್ಚಿದ್ರಾತು” ಎಂದಳು. ಮನೆ ಯಜಮಾನನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಸಂಜೆಗೆ ಕಿಂಡಿಗೆ ಫರಸಿ ಕಲ್ಲಿನ ಕಟ್ಟೆ ಬಂತು, ಹಳೇ ಸಂದೂಕದ ಹಲಗೆಯಿಂದ ಎರಡು ಪುಟ್ಟ ಕದ ಬಂದವು, ಸುತ್ತಲೂ ಬಿಳೀ ಸುಣ್ಣ ಬಿತ್ತು. ಉಳಿದ ಇಟ್ಟಿಗೆ ಪೇಪರು ಖಾಸಿಂಬೀಯ ಡಬ್ಬಿಗಳ ಅಡಿಗೆ ಹೋಯಿತು.

ಸೋಮವಾರ ಸಂಗನಬಸವ ಬಂದು ಪಡಸಾಲೆಯಲ್ಲಿ ಕೂತ. ಗೋಡೆಯ ಕದ ತೆರೆಯಿತು. ಬಳೆ ತೊಟ್ಟ ಕೈಯೊಂದು ಹಬೆಯಾಡುವ ಚಹಾದ ತಟ್ಟೆ ಇಟ್ಟಿತು. ಅವನು ಎದ್ದು ನಿಂತು ಮೊಬೈಲು ತೆಗೆದ.

“ಭಾರೀ ಐತಿ ಮಾಮಾ! ನಮ್ಮ ಬಾಜೂ ಮನ್ಯಾಗ ಯಾರದಾರಂತ ಸುದ್ದಾ ನಮಗ ಗೊತ್ತಿಲ್ಲ. ಯಾರು ಮಾಡಿದ್ದಿದು?”

ಮರಿಸ್ವಾಮಿ ಬೆನ್ನು ನೆಟ್ಟಗೆ ಮಾಡಿದ. ಹೊಟ್ಟೆ ತಂಪಾಗಿತ್ತು. “ನಾನ, ಸ್ವಂತ ಕೈಲೆ. ಬುಡ್ಡೇಸಾಬನ ಕರಣಿ ನಮ್ಮ ಹೊಸ್ತಿಲ ದಾಟಿಲ್ಲ. ಬೇಕಾದ್ರ ನಿಮ್ಮಕ್ಕನ್ನ ಕೇಳು.”

“ಖರೇ, ದಾಟಿಲ್ಲ,” ಎಂದಳು ಶಿವಕುಮಾರಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು.

ಕಿಂಡಿಯಾಚೆ ಬುಡ್ಡೇಸಾಬ್ ಗಂಟಲು ಸರಿ ಮಾಡಿಕೊಂಡ.

“ಖರೇ ಐತ್ರಿ. ತೂತು ಪೂರ್ತಿ ಮರಿಸ್ವಾಮಣ್ಣಾರ ಕೈದ. ಅದರ ಸುತ್ತಲಿಂದಷ್ಟ ನಮ್ದು.”

ಮರಿಸ್ವಾಮಿ ಗಬಕ್ಕನೆ ಕಪ್ಪು ತುಟಿಗೆ ಹಚ್ಚಿದ. ಬಾಯಲ್ಲಿ ಚಹಾ ಇರುವವನನ್ನು ಯಾರೂ ಉತ್ತರ ಕೇಳುವುದಿಲ್ಲ.